ಹಿಪ್ಪೊದ ಒಂದು ಉಯಿಲು

ಹಿಪ್ಪೊ ನಗರದಲ್ಲಿ ಧರ್ಮಾಧ್ಯಕ್ಷ ಸಂತ ಅಗಸ್ಟೀನರೊಡನೆ ಯಾಜಕರು ಸ್ವಂತ ಆಸ್ತಿಯಿಲ್ಲದೆ ಕೂಡಿ ಬಾಳುತ್ತಿದ್ದರು. ಸುಮಾರು ಕ್ರಿ.ಶ. 425ರಲ್ಲಿ ಅವರಲ್ಲೊಬ್ಬನಾದ ಜನುವಾರಿಯುಸ್, ಮಗಳದೆಂದು ಹೇಳಿ ಇರಿಸಿಕೊಂಡಿದ್ದ ಹಣವನ್ನು ಮಕ್ಕಳಿಬ್ಬರಿಗೂ ತಪ್ಪಿಸಿ ಧರ್ಮಸಭೆಗೆ ಉಯಿಲು ಬರೆದು ತೀರಿಕೊಂಡನು. ಅಗಸ್ಟೀನರು ಅದನ್ನು ಸ್ವೀಕರಿಸಲಿಲ್ಲ, ಮುಚ್ಚಿಡಲೂ ಇಲ್ಲ. 355ನೆಯ ಪ್ರಬೋಧನೆಯಲ್ಲಿ ಜನರೆದುರು ಎಲ್ಲವನ್ನೂ ಬಿಚ್ಚಿಟ್ಟರು. ಆಸ್ತಿ ಬಿಡಲೊಲ್ಲದವನಿಗೆ ಯಾಜಕಸ್ಥಾನವಿಲ್ಲವೆಂಬ ತಮ್ಮದೇ ನಿಯಮವನ್ನೂ ಸಡಿಲಿಸಿದರು: ಬೇಕಾದವನು ಹೊರಗೆ ವಾಸಿಸಲಿ, ಯಾಜಕನಾಗಿಯೇ ಇರಲಿ, ಕಪಟಿಯಾಗುವುದು ಬೇಡ. ನನಗಂತೂ ಉಯಿಲಿನ ನಿರಾಕರಣೆಗಿಂತ ಈ ಸಡಿಲಿಕೆಯೇ ದೊಡ್ಡದಾಗಿ ಕಾಣುತ್ತದೆ. ಒಳಗಿದ್ದು ಸುಳ್ಳು ಬಾಳುವುದಕ್ಕೆ ನೆಪವೇ ಉಳಿಯಲಿಲ್ಲ. 356ನೆಯ ಪ್ರಬೋಧನೆಯಲ್ಲಿ ತಮ್ಮ ಯಾಜಕರ, ಉಪಯಾಜಕರ ಆಸ್ತಿಯ ಲೆಕ್ಕವನ್ನು ಹೆಸರು ಹಿಡಿದು ಜನರಿಗೆ ಒಪ್ಪಿಸಿದರು. ಇನ್ನು ಮೇಲೆ ಗುಟ್ಟಾಗಿ ಆಸ್ತಿಯಿಟ್ಟು ಸಿಕ್ಕಿಬಿದ್ದವನಿಗೆ ಉಯಿಲು ಬರೆಯಲೂ ಬಿಡದೆ, ಅವನ ಹೆಸರನ್ನು ಯಾಜಕರ ಪಟ್ಟಿಯಿಂದ ಅಳಿಸುವುದಾಗಿ ಸಾರಿದರು.