ಮರಳಿನ ಮೇಲೆ ಮೊದಲ ಅಕ್ಷರ: 1823ರ ಬಳ್ಳಾರಿ ಶಾಲೆಗಳು

ಮಗುವಿಗೆ ಅಕ್ಷರ ಗುರುತು ಸಿಗಬೇಕಾದರೆ ಮೊದಲು ಬಾಯಿಪಾಠ ಮಾಡಿಸಬೇಕೋ, ಬರೆಸಬೇಕೋ? ಬಳ್ಳಾರಿ ಸೀಮೆಯ ಹಳೆಯ ಶಾಲೆಗಳಲ್ಲಿ ಬರೆಸುತ್ತಿದ್ದರು. ಅದೂ ಬರಿಬೆರಳಿನಿಂದ.

1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ವರದಿ ಕಳಿಸಿದರು. ಆಗ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸುತ್ತಿದ್ದರು.

ಐದು ವರ್ಷಕ್ಕೆ ಮಗು ಶಾಲೆಗೆ ಸೇರುತ್ತಿತ್ತು. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಯುರೋಪಿನ ಮಕ್ಕಳು ಹೇಳಿ ಕಲಿಯುತ್ತಾರೆ, ಇಲ್ಲಿಯವರು ಬರೆದು ಕಲಿಯುತ್ತಾರೆ ಎಂದು ಕ್ಯಾಂಪ್‌ಬೆಲ್ ಗುರುತಿಸಿದರು. ಕನ್ನಡಕ್ಕೆ ಇದು ಹೊಂದುವ ದಾರಿ. ಪ, ಷ, ವ, ಮ ನೋಡಲು ಅಕ್ಕತಂಗಿಯರಂತಿವೆ. ಗೆರೆ ಎಲ್ಲಿ ತಿರುಗುತ್ತದೆಂದು ಬೆರಳಿಗೆ ಗೊತ್ತಾದರೆ ಕಣ್ಣಿಗೂ ಗುರುತು ಸಿಗುತ್ತದೆ. ತಪ್ಪಾದರೆ ಅಂಗೈಯಿಂದ ಸವರಿದರಾಯಿತು.

ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ ಸಿದ್ಧ. ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಿತ್ತು. ಇವತ್ತು ಕಚೇರಿಯ ಫೈಲಿಗೆ ನಾವು ಹೇಳುವ ಕಡತ ಇದೇ ಪದ.

ಮುಂದೆ ಕಲಿತ ಮಕ್ಕಳು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಇದಕ್ಕೂ ಮುಂಚೆ ಮದರಾಸಿನಲ್ಲಿ ಇಂಥ ಮರಳಿನ ಪಾಠ ಕಂಡ ಪಾದ್ರಿ ಆಂಡ್ರ್ಯೂ ಬೆಲ್ ಅದನ್ನು ತಮ್ಮ ಅನಾಥ ಬಾಲಕರ ಶಾಲೆಗೆ ತಂದು, 1797ರಲ್ಲಿ ಲಂಡನ್‌ನಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಮುಂದೆ ಇಂಗ್ಲೆಂಡಿನ ಬಡ ಮಕ್ಕಳೂ ಮರಳಿನ ಮೇಲೆ ಅಕ್ಷರ ತಿದ್ದಿದರು.

ಆದರೆ ಬಳ್ಳಾರಿಯ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಕ್ಕಳು. ಸಾವಿರಕ್ಕೆ ಸುಮಾರು ಏಳು ಮಾತ್ರ. ಹುಡುಗಿಯರು ಬರೀ 60.

ಮರಳಿಗೆ ಕಾಸು ಬೇಕಿರಲಿಲ್ಲ, ಮೇಷ್ಟ್ರಿಗೆ ಕೊಡಬೇಕಿತ್ತು. ವಿಲಾಯಿತಿ ಬಟ್ಟೆ ಬಂದು ನೇಕಾರರ ಗಳಿಕೆ ಕುಸಿದಿತ್ತು. ಬಡವರ ಮಕ್ಕಳು ಕೈಕಾಲಿಗೆ ಬಲ ಬರುತ್ತಲೇ ದುಡಿಮೆಗೆ ಇಳಿಯುತ್ತಿದ್ದರು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದು ಕಲೆಕ್ಟರೇ ಬರೆದರು.

ಮನೆಯಲ್ಲಿ ಐದು ವರ್ಷದ ಮಗುವಿದ್ದರೆ ತಟ್ಟೆಯಲ್ಲಿ ಮರಳು ಹಾಕಿ ಕೊಡಿ, ಆ ಪಾಠ ಇಂದಿಗೂ ಒಳ್ಳೆಯದೇ. ಹಿಂದಿನ ಕಾಲದಲ್ಲಿ ಎಲ್ಲರೂ ಕಲಿಯುತ್ತಿದ್ದರು ಎಂದು ಯಾರಾದರೂ ಅಂದರೆ ಮಾತ್ರ, ಆ 60 ಹುಡುಗಿಯರ ಲೆಕ್ಕ ಹೇಳಿ.