ಸುರಕ್ಷತಾ ದತ್ತಾಂಶ ಹಾಳೆ: ರೇಷ್ಮೆ ಸಾಕಣೆಯಲ್ಲಿ

ರಾಸಾಯನಿಕದ ಅಪಾಯ, ಬಳಕೆ, ದಾಸ್ತಾನು, ಪ್ರಥಮ ಚಿಕಿತ್ಸೆಗಳನ್ನು ತಿಳಿಸಲು ತಯಾರಕರು ಒದಗಿಸುವ ದಾಖಲೆ. ರೂಢಿಯಲ್ಲಿ ಎಸ್‌ಡಿಎಸ್. ಭಾರತದಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ಕುರಿತ 1989ರ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ವಿಶ್ವಸಂಸ್ಥೆಯ ರಾಸಾಯನಿಕ ವರ್ಗೀಕರಣದ ಜಿಎಚ್‌ಎಸ್ ಪದ್ಧತಿಯಂತೆ ಹಾಳೆಯಲ್ಲಿ 16 ವಿಭಾಗಗಳಿರುತ್ತವೆ.

ಕನಕಪುರ ತಾಲ್ಲೂಕು, ನೆರೆಯ ರಾಮನಗರ, ಚನ್ನಪಟ್ಟಣ, ಮಾಗಡಿ ರೇಷ್ಮೆ ಸೀಮೆ. ಇಲ್ಲಿ ಬೆಳೆಯಿಂದ ಬೆಳೆಗೆ ಹುಳು ಸಾಕುವ ಮನೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳ ಸೋಂಕು ಕಳೆಯಬೇಕು. ಅದಕ್ಕೆ ಶೇ 2ರಷ್ಟು ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣದ ನೀರು ಇಲ್ಲವೇ ಫಾರ್ಮಲಿನ್ ದ್ರಾವಣ ಸಿಂಪಡಿಸುವುದುಂಟು. ಫಾರ್ಮಲಿನ್‌ನ ಹಾಳೆಯಲ್ಲಿ 2ನೇ ವಿಭಾಗವೇ ಎಚ್ಚರಿಸುತ್ತದೆ: ಉಸಿರಾಡಿದರೆ ವಿಷ, ಚರ್ಮ ಮತ್ತು ಕಣ್ಣು ಸುಡುತ್ತದೆ, ಕ್ಯಾನ್ಸರ್ ತರಬಲ್ಲದು.

ಸಾಕಣೆದಾರರು ಬಿಡದೆ ಓದಬೇಕಾದದ್ದು ರಕ್ಷಣಾ ಸಾಧನಗಳ ಕುರಿತ 8ನೇ ವಿಭಾಗ. ಮೂಗಿಗೆ ಸುತ್ತಿದ ಟವೆಲ್ ಧೂಳನ್ನು ಒಂದಿಷ್ಟು ತಡೆದೀತು, ಫಾರ್ಮಲಿನ್ ಆವಿಯನ್ನಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡ, ಕೈಗವಸು, ಮುಚ್ಚುಗನ್ನಡಕ ಬೇಕೇ ಬೇಕು. 10ನೇ ವಿಭಾಗ ಯಾವುದರ ಜೊತೆ ಯಾವುದನ್ನು ಸೇರಿಸಬಾರದೆಂದು ಹೇಳುತ್ತದೆ. ಬ್ಲೀಚಿಂಗ್ ಪುಡಿಗೆ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬಾಟಲಿಯನ್ನು ಪುಡಿಯ ಚೀಲದ ಪಕ್ಕ ಇಡಲೇಬಾರದು. ಫಾರ್ಮಲಿನ್ ಕ್ಯಾನಿಗೂ ಬೇರೆ ಜಾಗ ಬೇಕು. 4ನೇ ವಿಭಾಗ ಪ್ರಥಮ ಚಿಕಿತ್ಸೆಯದು: ರಾಸಾಯನಿಕ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು, ಹಾಳೆಯೊಂದಿಗೇ ಆಸ್ಪತ್ರೆಗೆ ಹೋಗಬೇಕು.

ಹಾಳೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದು ದೊಡ್ಡ ಕೊರತೆ. 2, 4, 8, 10ನೇ ವಿಭಾಗಗಳನ್ನಾದರೂ ಕನ್ನಡದಲ್ಲಿ ಬರೆದು ಸಾಕಣೆ ಮನೆಯ ಬಾಗಿಲಲ್ಲಿ ಅಂಟಿಸಬಹುದು.