ವೈಟ್‌ಫೀಲ್ಡ್ ಕಥೆಗಳು, ಭಾಗ 6: ಚರ್ಚಿಲ್ ಕಾಗದ ಬರೆದಿದ್ದು ಯಾರಿಗೆ?

ಇನ್ನರ್ ಸರ್ಕಲ್ ಕಡೆ ಓಡಾಡೋರಿಗೆ ಈ ಕಥೆ ಕಿವಿಗೆ ಬಿದ್ದೇ ಇರುತ್ತೆ. ವೇವರ್ಲಿ ಇನ್ ಅನ್ನೋ ಹೋಟೆಲು. ಮಾಲೀಕ ಹ್ಯಾಮಿಲ್ಟನ್, ಅವನ ಮಗಳು ರೋಸ್. ಅವಳನ್ನ ನೋಡೋಕೆ ಬೆಂಗಳೂರು ದಂಡಿನಿಂದ ಬರ್ತಿದ್ದವನು ವಿನ್‌ಸ್ಟನ್ ಚರ್ಚಿಲ್!

ಕೇಳೋಕೆ ಚೆಂದ. ಆದ್ರೆ ಇದು ಊರಿನ ಬಾಯಲ್ಲಿ ಉಳಿದ ಕಥೆ, ಇತಿಹಾಸ ಅಂತ ನಾನು ಹೇಳಲ್ಲ. ಚರ್ಚಿಲ್ ತನ್ನ ಬೆಂಗಳೂರು ಬಂಗಲೆಯಲ್ಲಿ ಗುಲಾಬಿ ಬೆಳೆಸ್ತಿದ್ದ ಅನ್ನೋದು ಮಾತ್ರ ನಿಜ. ಊರಿನವರ ‘ರೋಸ್’ ಆ ತೋಟದಲ್ಲೇ ಅರಳಿದಳೋ ಏನೋ!

ಕಾಗದದಲ್ಲಿ ಉಳಿದ ಹುಡುಗಿ ಬೇರೆ.

1896ರ ಅಕ್ಟೋಬರ್‌ನಲ್ಲಿ 4ನೇ ಹುಸ್ಸಾರ್ಸ್ ಕುದುರೆ ಪಡೆಯ ಜೊತೆ ಇಲ್ಲಿಗೆ ಬಂದಾಗ ಅವನಿಗಿನ್ನೂ 21 ವರ್ಷ. ಮುಂದಿನ ತಿಂಗಳೇ ಪೋಲೊ ಆಡಲು ಸಿಕಂದರಾಬಾದಿಗೆ ಹೋದ. ಅಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟರ ಮಗಳು ಪಮೇಲಾ ಪ್ಲೌಡನ್ ಸಿಕ್ಕಳು. ಇಂಥ ಚೆಲುವೆಯನ್ನು ನಾನು ಕಂಡೇ ಇಲ್ಲ ಅಂತ ಅಮ್ಮನಿಗೆ ಪತ್ರ ಹಾಕಿದ. ಇಬ್ಬರೂ ಆನೆ ಹತ್ತಿ ಹೈದರಾಬಾದ್ ನೋಡೋ ಯೋಚನೆಯೂ ಇತ್ತು.

ಆಮೇಲೆ ಯುದ್ಧದ ಮೇಲೆ ಯುದ್ಧ. 1897ರಲ್ಲಿ ಮಲಕಂದ್, 1898ರಲ್ಲಿ ಸೂಡಾನ್. 1899ರ ನವೆಂಬರ್‌ನಲ್ಲಿ ಬೋಯರ್ ಯುದ್ಧದ ವರದಿಗಾರನಾಗಿ ಹೋಗಿ ಸೆರೆ ಸಿಕ್ಕ. ಪ್ರಿಟೋರಿಯಾದ ಆ ಸೆರೆಮನೆಯಿಂದಲೂ ಪಮೇಲಾಗೆ ಕಾಗದ ಬರೆದ. ಸ್ವಲ್ಪ ಯೋಚ್ನೆ ಮಾಡಿ: ಸುತ್ತ ಕಾವಲು, ಮುಂದೇನಾಗುತ್ತೋ ಗೊತ್ತಿಲ್ಲ, ಆಗ ನೆನಪಾಗೋದು ಯಾರು?

ಆದ್ರೂ ಮದುವೆ ಆಗಲಿಲ್ಲ. 1902ರಲ್ಲಿ ಪಮೇಲಾ ಲಾರ್ಡ್ ಲಿಟ್ಟನ್‌ರ ಕೈ ಹಿಡಿದಳು. 1908ರಲ್ಲಿ ಚರ್ಚಿಲ್ ಕ್ಲೆಮೆಂಟೈನ್‌ಳನ್ನ ಮದುವೆಯಾದ. ಪಮೇಲಾ ಮತ್ತೆ ಭಾರತಕ್ಕೆ ಬಂದದ್ದು ಬಂಗಾಳದ ಗವರ್ನರ್ ಪತ್ನಿಯಾಗಿ; ಲಿಟ್ಟನ್ 1922ರಿಂದ 1927ರವರೆಗೆ ಅಲ್ಲಿ ಗವರ್ನರ್. ಸ್ನೇಹ ಮಾತ್ರ ಮುರಿಯಲಿಲ್ಲ, ಪತ್ರಗಳೂ ನಿಲ್ಲಲಿಲ್ಲ.

ನನಗೆ ಕಾಡೋದು ಇಲ್ಲಿಂದ ಮುಂದೆ. 1933ರಲ್ಲಿ ಆಕೆಯ ದೊಡ್ಡ ಮಗ ಆಂಟನಿ ವಿಮಾನ ಅಪಘಾತದಲ್ಲಿ ತೀರಿಕೊಂಡ. 1942ರಲ್ಲಿ ಇನ್ನೊಬ್ಬ ಮಗ ಜಾನ್ ಎಲ್ ಅಲಮೈನ್ ಯುದ್ಧದಲ್ಲಿ ಸತ್ತ. ಆಗ ಬ್ರಿಟನ್ನಿನ ಪ್ರಧಾನಿ ಯಾರು ಗೊತ್ತಲ್ಲ? ಒಂದು ಕಾಲದಲ್ಲಿ ತನಗೆ ರಣರಂಗದಿಂದ ಕಾಗದ ಬರೀತಿದ್ದವನೇ ನಡೆಸುತ್ತಿದ್ದ ಯುದ್ಧದಲ್ಲಿ ಆಕೆಯ ಮಗ ಹೋದ. ಆಗಲೂ ಆಕೆ ದೂರವಾಗಲಿಲ್ಲ.

1965ರಲ್ಲಿ ಚರ್ಚಿಲ್ ಹೋದ, 1971ರಲ್ಲಿ ಪಮೇಲಾ. ಅವನ ಕಾಗದಗಳನ್ನು ಆಕೆ ಜೋಪಾನವಾಗಿ ಎತ್ತಿಟ್ಟಿದ್ದಳು.

ನಿಮ್ಮನೆ ಟ್ರಂಕಿನಲ್ಲೂ ಸೈನ್ಯದಿಂದ ಬಂದ ಹಳೇ ಕಾಗದ ಇದ್ಯಾ? ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ.